ಬೊಲಿವಿಯನ್ ರ‍್ಯಾಮ್ ಸಾಕಬೇಕಾ? ಮೊದಲು ಮರಳು ನೋಡಿ

ಬೊಲಿವಿಯಾ, ಬ್ರೆಜಿಲ್‌ನ ಮಾಮೊರೆ ಮತ್ತು ಗ್ವಾಪೊರೆ ನದಿಗಳ ಕಡೆಯ ಮೀನು ಇದು. ಉದ್ದ ಸುಮಾರು 8 ಸೆಂ.ಮೀ. ಇದರ ಕುಲದ ಹೆಸರು ಮೈಕ್ರೋಜಿಯೋಫೇಗಸ್, ಅಂದರೆ ಪುಟ್ಟ ಮಣ್ಣುತಿನಿ. ನಿಜವಾಗಿ ಮಣ್ಣು ತಿನ್ನುವುದಿಲ್ಲ. ಬಾಯಿ ತುಂಬ ಮರಳು ಎತ್ತಿಕೊಂಡು, ಒಳಗೇ ಜಾಲಾಡಿ, ಹುಳಹುಪ್ಪಟೆ ಉಳಿಸಿಕೊಂಡು ಮಿಕ್ಕಿದ್ದನ್ನು ಹೊರಗೆ ಬಿಡುತ್ತದೆ. ಗಾಜಿನ ಹತ್ತಿರ ಕೂತು ನೋಡಿ, ಕಿವಿರಿನ ಅಂಚಿನಿಂದ ಮರಳು ಜರಡಿ ಹಿಡಿದ ಹಿಟ್ಟಿನ ಹಾಗೆ ಸಣ್ಣಗೆ ಉದುರುತ್ತದೆ. ಎಷ್ಟು ನೋಡಿದರೂ ಸಾಕಾಗಲ್ಲ!

ಅದಕ್ಕೇ ದಪ್ಪ ಜಲ್ಲಿ ಬೇಡ, ಚೂಪು ಕಲ್ಲಂತೂ ಬೇಡವೇ ಬೇಡ. ನುಣುಪಾದ ಸಣ್ಣ ಮರಳನ್ನು ನೀರು ತಿಳಿಯಾಗುವವರೆಗೆ ತೊಳೆದು 3 ಸೆಂ.ಮೀ. ಹಾಕಿ. ಜೋಡಿಗೆ 100 ಲೀಟರ್ ಟ್ಯಾಂಕ್, 25ರಿಂದ 28 ಡಿಗ್ರಿ ನೀರು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ಇದನ್ನು ಮಾತ್ರ ತಪ್ಪಿಸಬೇಡಿ. ಊಟಕ್ಕೆ ತಳಕ್ಕೆ ಮುಳುಗುವ, ಸಣ್ಣ ಕಾಳಿನಂಥ ಮೀನಿನ ಆಹಾರ.

ಗಂಡು ಹೆಣ್ಣು ಗುರುತಿಸುವುದು ಕಷ್ಟ. ಜಾಗ ಇದ್ದರೆ ಐದಾರು ಮರಿ ತನ್ನಿ, ಜೋಡಿಯನ್ನು ಅವೇ ಹುಡುಕಿಕೊಳ್ಳುತ್ತವೆ. ಒಂದೆರಡು ಚಪ್ಪಟೆ ಕಲ್ಲು ಇಡಿ, ಮೊಟ್ಟೆ ಇಡುವುದು ಅಲ್ಲೇ. ಅಪ್ಪ ಅಮ್ಮ ಇಬ್ಬರೂ ಕಾವಲು ಕಾಯುತ್ತಾರೆ, ಎರಡು ಮೂರು ದಿನದಲ್ಲಿ ಮೊಟ್ಟೆ ಒಡೆದು ಮರಿ ಬಂದ ಮೇಲೆ ಅವನ್ನು ಬಾಯಲ್ಲಿ ಎತ್ತಿ ಮರಳಲ್ಲಿ ತೋಡಿದ ಗುಂಡಿಗೆ ಸಾಗಿಸುತ್ತಾರೆ. ಆಗ ಸುಮ್ನೆ ಟ್ಯಾಂಕ್‌ಗೆ ಕೈ ಹಾಕಬೇಡಿ, ಗಾಬರಿಯಾದರೆ ಮರಿಗಳನ್ನೇ ತಿಂದುಬಿಡಬಹುದು.