ಪುಟ್ಟ ಎಲ್‌ಇಡಿ ಟಾರ್ಚ್ ಕೊಳ್ಳುವ ಮುನ್ನ: ಲುಮೆನ್, ಕ್ಯಾಂಡೆಲಾ ಮತ್ತು ಬೆಳಕಿನ ಕೋಲನ್ನು ಹೋಲಿಸುವ ಬಗೆ

ಮಳೆಗಾಲ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮರ ಬಿದ್ದು ತಂತಿ ಹರಿಯುವುದು, ರಾತ್ರಿಯಿಡೀ ಕರೆಂಟ್ ಇಲ್ಲದಿರುವುದು ಹೊಸತಲ್ಲ. ತೋಟದ ದಾರಿ, ಹಳ್ಳದ ಮೇಲಿನ ಸಂಕ, ಘಟ್ಟದ ತಿರುವು, ಕರಾವಳಿಯ ದೋಣಿ ತಂಗುವ ದಂಡೆ, ಎಲ್ಲ ಕಡೆಯೂ ಕಿಸೆಯಲ್ಲಿ ಹಿಡಿಸುವ ಟಾರ್ಚ್ ನಮಗೆ ಅವಶ್ಯಕ ವಸ್ತು. ಆದರೆ ಅದನ್ನು ಕೊಳ್ಳುವಾಗ ಹೆಚ್ಚಿನವರು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಲುಮೆನ್ ಸಂಖ್ಯೆಯೊಂದನ್ನೇ ನೋಡುತ್ತಾರೆ. ಆ ಸಂಖ್ಯೆಗಿಂತ ಎರಡು ವಿಷಯಗಳು ಮುಖ್ಯವೆಂಬುದು ನನ್ನ ಖಚಿತ ಅಭಿಪ್ರಾಯ: ಆ ಬೆಳಕು ಹೇಗೆ ಹರಡಿಕೊಂಡಿದೆ ಮತ್ತು ಹೊತ್ತಿಸಿದ ಹತ್ತು ನಿಮಿಷದ ನಂತರ ಅದರಲ್ಲಿ ಎಷ್ಟು ಉಳಿದಿದೆ.

ಲುಮೆನ್ ಎಂಬುದು ಟಾರ್ಚಿನಿಂದ ಎಲ್ಲ ದಿಕ್ಕುಗಳಿಗೂ ಹೊರಬೀಳುವ ಒಟ್ಟು ಬೆಳಕಿನ ಅಳತೆ. ಕ್ಯಾಂಡೆಲಾ ಎಂಬುದು ಒಂದು ದಿಕ್ಕಿನಲ್ಲಿ ಆ ಬೆಳಕು ಎಷ್ಟು ಒತ್ತಾಗಿದೆ ಎಂಬುದರ ಅಳತೆ. ಕಾರವಾರದ ಎದುರಿನ ದೇವಗಡ ದ್ವೀಪದ ದೀಪಸ್ತಂಭವು ದೂರದ ಹಡಗುಗಳಿಗೆ ಕಾಣುವುದು ಅದರ ದೀಪ ವಿಪರೀತ ದೊಡ್ಡದು ಎಂಬ ಕಾರಣಕ್ಕಲ್ಲ, ಮಸೂರವು ಆ ಬೆಳಕನ್ನು ಕಿರಿದಾದ ಕೋಲಾಗಿ ಒಟ್ಟುಗೂಡಿಸುವುದರಿಂದ. ಟಾರ್ಚಿನಲ್ಲಿ ಆ ಕೆಲಸವನ್ನು ರಿಫ್ಲೆಕ್ಟರ್ ಅಥವಾ ಪಾರದರ್ಶಕ ಮಸೂರ ಮಾಡುತ್ತದೆ. 300 ಲುಮೆನ್ನಿನ ಟಾರ್ಚ್ 1,000 ಲುಮೆನ್ನಿನದಕ್ಕಿಂತ ದೂರ ಹೋಗುವುದು ಇದರಿಂದಲೇ ಸಾಧ್ಯ.

ದೂರವನ್ನು ಅಳೆಯುವ ಕ್ರಮಕ್ಕೆ ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಆನ್ಸಿ ಎಫ್‌ಎಲ್ 1 ಎಂಬ ಮಾನದಂಡವೇ ಈಗ ಹೆಚ್ಚಿನ ತಯಾರಕರಿಗೆ ಆಧಾರ. ಬೆಳಕು 0.25 ಲಕ್ಸ್‌ಗೆ (ಲಕ್ಸ್ ಎಂದರೆ ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ), ಅಂದರೆ ಶುಭ್ರ ಆಕಾಶದ ಹುಣ್ಣಿಮೆಯ ಬೆಳದಿಂಗಳಿನ ಮಟ್ಟಕ್ಕೆ, ಇಳಿಯುವ ಜಾಗವನ್ನೇ ಅದು ಟಾರ್ಚಿನ ವ್ಯಾಪ್ತಿಯೆಂದು ಗಣಿಸುತ್ತದೆ. ಲೆಕ್ಕ ಸುಲಭ: ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಮೀಟರಿನಲ್ಲಿ ದೂರ ಸಿಗುತ್ತದೆ. 2,500 ಕ್ಯಾಂಡೆಲಾಕ್ಕೆ 100 ಮೀಟರ್, 10,000ಕ್ಕೆ 200 ಮೀಟರ್, 40,000ಕ್ಕೆ 400 ಮೀಟರ್. ದೂರ ಎರಡು ಪಟ್ಟಾಗಬೇಕಾದರೆ ಕ್ಯಾಂಡೆಲಾ ನಾಲ್ಕು ಪಟ್ಟಾಗಬೇಕು ಎಂಬುದನ್ನು ಇಲ್ಲಿ ಗಮನಿಸಬೇಕು. ಪೆಟ್ಟಿಗೆಯ ಮೇಲೆ ಕ್ಯಾಂಡೆಲಾವೂ ದೂರವೂ ಎರಡೂ ಅಚ್ಚಾಗಿದ್ದು ಈ ಸೂತ್ರಕ್ಕೆ ಹೊಂದದಿದ್ದರೆ ಉಳಿದ ಸಂಖ್ಯೆಗಳನ್ನೂ ಅನುಮಾನದಿಂದಲೇ ನೋಡುವುದು ಒಳಿತು. ಬೆಳದಿಂಗಳಿನಷ್ಟು ಬೆಳಕಿನಲ್ಲಿ, ಅದೂ ನೂರಾರು ಮೀಟರ್ ಆಚೆಗೆ, ವಸ್ತುವನ್ನು ಗುರುತಿಸುವುದು ಕಷ್ಟ; ಮಳೆಯಲ್ಲಿ ತೊಯ್ದ ಅಡಿಕೆ ಮರದ ಕಪ್ಪು ಕಾಂಡ, ನೆಲದ ದರಕು, ಹಾಸುಗಲ್ಲಿನ ಪಾಚಿ ಬೆಳಕನ್ನು ನುಂಗಿಬಿಡುತ್ತವೆ. ಆದ್ದರಿಂದ ಪೆಟ್ಟಿಗೆಯ ದೂರವನ್ನು ಅರ್ಧಕ್ಕಿಳಿಸಿ ಓದಬೇಕು. ಅರ್ಧ ದೂರದಲ್ಲಿ ಬೆಳಕು ನಾಲ್ಕು ಪಟ್ಟು, ಅಂದರೆ 1 ಲಕ್ಸ್ ಇರುತ್ತದೆ.

ಎರಡು ಟಾರ್ಚುಗಳ ಸ್ವಭಾವವನ್ನು ಹೋಲಿಸಲು ಕ್ಯಾಂಡೆಲಾವನ್ನು ಲುಮೆನ್ನಿನಿಂದ ಭಾಗಿಸಿ ನೋಡಿ. ಉತ್ತರ ಐದಕ್ಕಿಂತ ಕಡಿಮೆಯಿದ್ದರೆ ಬೆಳಕು ಅಗಲವಾಗಿ ಹರಡುತ್ತದೆ. ಅಂಗಳ, ಕೊಟ್ಟಿಗೆ, ಅಟ್ಟದ ಕೆಲಸಕ್ಕೆ ಇದು ಹಿತ. ಹತ್ತರಿಂದ ಇಪ್ಪತ್ತರ ನಡುವೆ ಇದ್ದರೆ ದಾರಿ ನಡೆಯಲು ತಕ್ಕ ಮಿಶ್ರಣ. ಐವತ್ತನ್ನು ದಾಟಿದರೆ ಅದು ದೂರಕ್ಕೆ ಎಸೆಯುವ ಟಾರ್ಚ್. ಕಾಳಿ ಅಥವಾ ಶರಾವತಿಯ ಆಚೆ ದಡವನ್ನು ನೋಡಲು ಸರಿ, ಕಾಲಬುಡಕ್ಕೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಈ ಗಡಿಗಳು ನನ್ನ ಅಂದಾಜಿನವು. ಆದರೆ ಇವುಗಳ ಹಿಂದಿನ ಕಾರಣ ಗಟ್ಟಿಯಾದದ್ದು. ಅದೇ ಎಲ್‌ಇಡಿಯನ್ನು ಇಟ್ಟುಕೊಂಡು ರಿಫ್ಲೆಕ್ಟರಿನ ವ್ಯಾಸವನ್ನು ಎರಡು ಪಟ್ಟು ಮಾಡಿದರೆ ಕ್ಯಾಂಡೆಲಾ ಸುಮಾರು ನಾಲ್ಕು ಪಟ್ಟಾಗುತ್ತದೆ. ಹೀಗಾಗಿ ಹೆಬ್ಬೆರಳಿನ ಗಾತ್ರದ ಟಾರ್ಚೊಂದು ಸಾವಿರ ಲುಮೆನ್ನನ್ನೂ ಅರ್ಧ ಕಿಲೋಮೀಟರ್ ದೂರವನ್ನೂ ಒಟ್ಟಿಗೆ ಸಾರುತ್ತಿದ್ದರೆ ನಂಬಲು ಕಾರಣವಿಲ್ಲ.

ಇನ್ನು ಟಾರ್ಚ್ ಉರಿಯುವ ಅವಧಿ. ಎಲ್ಲಕ್ಕಿಂತ ಹೆಚ್ಚು ತಪ್ಪುಗ್ರಹಿಕೆ ಹುಟ್ಟುವುದು ಇಲ್ಲಿಯೇ. ಮಾನದಂಡದ ಪ್ರಕಾರ ಲುಮೆನ್ನನ್ನು ಅಳೆಯುವುದು ಟಾರ್ಚ್ ಹೊತ್ತಿಸಿದ 30 ಸೆಕೆಂಡಿನಿಂದ 2 ನಿಮಿಷದ ಒಳಗೆ. ಅವಧಿಯನ್ನು ಎಣಿಸುವುದು ಬೆಳಕು ಮೊದಲಿನ ಶೇ. 10ಕ್ಕೆ ಇಳಿಯುವವರೆಗೆ. ಪುಟ್ಟ ಅಲ್ಯೂಮಿನಿಯಂ ಮೈಯೊಳಗೆ ಹುಟ್ಟುವ ಶಾಖವನ್ನು ಹೊರಹಾಕಲು ಜಾಗ ಸಾಲದ್ದರಿಂದ ಒಳಗಿನ ಸರ್ಕಿಟ್ ಕೆಲವೇ ನಿಮಿಷಗಳಲ್ಲಿ ಬೆಳಕನ್ನು ತಗ್ಗಿಸುತ್ತದೆ. 1,500 ಲುಮೆನ್ನಿನಲ್ಲಿ ಆರಂಭಿಸಿ ಮೂರನೇ ನಿಮಿಷಕ್ಕೆ 400ಕ್ಕೆ ಇಳಿದು ಎರಡೂವರೆ ಗಂಟೆ ಉರಿಯುವ ಟಾರ್ಚಿನ ಮೇಲೆ ‘1,500 ಲುಮೆನ್, ಎರಡೂವರೆ ಗಂಟೆ’ ಎಂದು ಬರೆಯಲು ನಿಯಮದಲ್ಲಿ ಅಡ್ಡಿಯಿಲ್ಲ. ಕೊಳ್ಳುವವನಿಗೆ ಬೇಕಾದದ್ದು ಆ 400ರ ಸಂಖ್ಯೆ. ಉತ್ತಮ ತಯಾರಕರು ಸಮಯಕ್ಕೆ ತಕ್ಕಂತೆ ಬೆಳಕು ಇಳಿಯುವ ಗೆರೆಚಿತ್ರವನ್ನು ಕೈಪಿಡಿಯಲ್ಲಿ ಕೊಡುತ್ತಾರೆ. ಅದನ್ನು ಕೊಡದವರಿಗಿಂತ ಕೊಟ್ಟವರನ್ನು ಆರಿಸಿ.

ಗೆರೆಚಿತ್ರ ಇಲ್ಲದಿದ್ದರೂ ಬ್ಯಾಟರಿಯ ಶಕ್ತಿಯಿಂದ ಸುಳ್ಳನ್ನು ಹಿಡಿಯಬಹುದು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ 18650 ಲಿಥಿಯಂ ಸೆಲ್ಲಿನ ಉತ್ತಮ ಸಾಮರ್ಥ್ಯ 3,500 ಮಿಲಿಆಂಪಿಯರ್ ಗಂಟೆಯ ಆಸುಪಾಸು, ಅದನ್ನು 3.6 ವೋಲ್ಟಿನಿಂದ ಗುಣಿಸಿದರೆ 12.6 ವ್ಯಾಟ್ ಗಂಟೆ. ಸ್ವಲ್ಪ ದೊಡ್ಡದಾದ 21700 ಸೆಲ್ಲಿನಲ್ಲಿ ಸಾಮಾನ್ಯವಾಗಿ 5,000 ಮಿಲಿಆಂಪಿಯರ್ ಗಂಟೆ, ಅಂದರೆ 18 ವ್ಯಾಟ್ ಗಂಟೆ ಇರುತ್ತದೆ. ಒಳ್ಳೆಯ ಟಾರ್ಚೊಂದು ಪ್ರತಿ ವ್ಯಾಟಿಗೆ ಸುಮಾರು 100 ಲುಮೆನ್ ಕೊಡುತ್ತದೆಂದು ಹಿಡಿದರೆ 18650 ಸೆಲ್ಲಿನಿಂದ 1,000 ಲುಮೆನ್ ಒಂದೂಕಾಲು ಗಂಟೆ, 100 ಲುಮೆನ್ ಹನ್ನೆರಡು ಗಂಟೆ, 30 ಲುಮೆನ್ ನಲವತ್ತು ಗಂಟೆ ಸಿಗಬೇಕು. ‘1,000 ಲುಮೆನ್, 8 ಗಂಟೆ’ ಎಂದು ಯಾರಾದರೂ ಬರೆದಿದ್ದರೆ ಪ್ರತಿ ವ್ಯಾಟಿಗೆ 635 ಲುಮೆನ್ ಬೇಕಾಗುತ್ತದೆ. ಕಣ್ಣಿಗೆ ಅತ್ಯಂತ ಪ್ರಖರವಾಗಿ ಕಾಣುವ 555 ನ್ಯಾನೊಮೀಟರಿನ ಹಸಿರು ಬೆಳಕಿಗೂ ಪ್ರಕೃತಿ ಹಾಕಿರುವ ಮಿತಿ 683, ಬಿಳಿ ಬೆಳಕಿಗೆ ಅದಕ್ಕಿಂತ ಬಹಳ ಕಡಿಮೆ. ಅದೇ ರೀತಿ 9,900 ಮಿಲಿಆಂಪಿಯರ್ ಗಂಟೆ ಎಂದು ಅಚ್ಚಾದ 18650 ಸೆಲ್ಲನ್ನು ಕೈಯಲ್ಲಿಯೂ ಹಿಡಿಯಬೇಡಿ. ಕರೆಂಟ್ ಹೋದ ರಾತ್ರಿಗಳ ಲೆಕ್ಕದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಆ ಮೂವತ್ತು ಲುಮೆನ್ನಿನ ಮಂದ ಹಂತ. ಅದಿಲ್ಲದ ಟಾರ್ಚನ್ನು ಮನೆಬಳಕೆಗೆ ನಾನು ಶಿಫಾರಸು ಮಾಡುವುದಿಲ್ಲ.

ಮನೆಯಲ್ಲಿ ಎರಡು ಟಾರ್ಚುಗಳನ್ನು ಹೋಲಿಸಿ ನೋಡಲು ಫೋನಿನ ಲಕ್ಸ್ ಮೀಟರ್ ಆ್ಯಪ್ ಸಾಕು. ಉದ್ದನೆಯ ಜಗಲಿಯ ದೀಪಗಳನ್ನೆಲ್ಲ ಆರಿಸಿ, ಫೋನನ್ನು ಒಂದು ತುದಿಯಲ್ಲಿ ನಿಲ್ಲಿಸಿ, ಐದು ಮೀಟರ್ ಅಳೆದು, ಪರದೆಯ ಮೇಲ್ಭಾಗದಲ್ಲಿರುವ ಸಂವೇದಕಕ್ಕೆ ಬೆಳಕಿನ ನಡುಚುಕ್ಕೆ ಬೀಳುವಂತೆ ಟಾರ್ಚ್ ಹಿಡಿಯಿರಿ. ಹೊತ್ತಿಸಿದ ಅರ್ಧ ನಿಮಿಷಕ್ಕೆ ಕಾಣುವ ಲಕ್ಸ್ ಸಂಖ್ಯೆಯನ್ನು 25ರಿಂದ ಗುಣಿಸಿದರೆ ಕ್ಯಾಂಡೆಲಾ. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆದರೆ ಇಳಿತದ ಪ್ರಮಾಣ ಗೊತ್ತಾಗುತ್ತದೆ. ಒಂದೇ ಮೀಟರ್ ಅಂತರದಲ್ಲಿ ಅಳೆಯಬಾರದು, ಏಕೆಂದರೆ ಅಷ್ಟು ಹತ್ತಿರದಲ್ಲಿ ಬೆಳಕಿನ ಕೋಲು ಪೂರ್ತಿ ರೂಪುಗೊಂಡಿರುವುದಿಲ್ಲ. ಒಟ್ಟು ಬೆಳಕನ್ನು ಹೋಲಿಸಲು ಟಾರ್ಚನ್ನು ಮೇಲ್ಮುಖವಾಗಿ ನಿಲ್ಲಿಸಿ, ಮೇಲಿನಿಂದ ಮರಳಿ ಬೀಳುವ ಬೆಳಕನ್ನು ಅಳೆಯಬೇಕು. ಹಂಚಿನ ಮಾಡಿನ ಕೆಳಗೆ ಇದು ನಡೆಯದು, ಬಿಳಿ ಬಣ್ಣದ ತಾರಸಿಯ ಕೋಣೆ ಬೇಕು. ಫೋನುಗಳ ಸಂವೇದಕಗಳು ಒಂದರಂತೆ ಒಂದಿರುವುದಿಲ್ಲವಾದ್ದರಿಂದ ಸಂಖ್ಯೆಗಿಂತ ಎರಡು ಟಾರ್ಚುಗಳ ನಡುವಿನ ಅನುಪಾತವನ್ನು ನೆಚ್ಚಿ. ಅನುಪಾತ ಎರಡಿದ್ದರೂ ಕಣ್ಣಿಗೆ ಎರಡು ಪಟ್ಟು ಕಾಣದು. ಹಾಗೆ ಕಾಣಲು ಸುಮಾರು ನಾಲ್ಕು ಪಟ್ಟು ಲುಮೆನ್ ಬೇಕು. ಆದುದರಿಂದ 800 ಮತ್ತು 1,000 ಲುಮೆನ್‌ಗಳ ನಡುವಿನ ವ್ಯತ್ಯಾಸಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ದೇವಿಮನೆ ಘಟ್ಟದಲ್ಲಿ ಮಂಜು ಕವಿದಾಗ ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ಮಾತನ್ನು ಕೇಳುತ್ತೇವೆ. ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಎಷ್ಟೋ ಪಟ್ಟು ದೊಡ್ಡವಾದ್ದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮನೆ ಚದುರಿಸುತ್ತವೆ. ಬಣ್ಣ ಬದಲಿಸಿದರೆ ಲಾಭ ಅತ್ಯಲ್ಪ. ಕಣ್ಣಿಗೆ ಬಿಳಿ ಪರದೆ ಕಟ್ಟುವುದು ಟಾರ್ಚ್ ಕಣ್ಣಿನ ಪಕ್ಕದಲ್ಲೇ ಇದ್ದಾಗ, ಬೆಳಕು ಅಗಲವಾಗಿ ಚೆಲ್ಲಿದಾಗ. ಹಾಗಾಗಿ ಮಂಜಿನಲ್ಲಿ ಹಣೆಗೆ ಕಟ್ಟುವ ದೀಪಕ್ಕಿಂತ ಕಿರಿದಾದ ಕೋಲಿನ ಕೈಟಾರ್ಚ್ ಮೇಲು. ಅದನ್ನು ಸೊಂಟಕ್ಕಿಂತ ಕೆಳಗೆ ಹಿಡಿದು, ಬೆಳಕನ್ನು ಒಂದು ಹಂತ ತಗ್ಗಿಸಿ ನಡೆಯಬೇಕು. ಸುರಿಯುವ ಮಳೆಹನಿಗಳು ಬೆಳಕಿನಲ್ಲಿ ತುಂಡು ತುಂಡು ಗೆರೆಗಳಾಗಿ ಕಂಡರೆ ಆ ಟಾರ್ಚಿನ ಸರ್ಕಿಟ್ ಬೆಳಕನ್ನು ಬೇಗ ಬೇಗ ಆರಿಸಿ ಹೊತ್ತಿಸುತ್ತ ಮಂದಗೊಳಿಸುತ್ತಿದೆ ಎಂದರ್ಥ; ಹೆಚ್ಚು ಹೊತ್ತಿನ ಕೆಲಸದಲ್ಲಿ ಅದು ಕಣ್ಣನ್ನು ದಣಿಸುತ್ತದೆ.

ಬಣ್ಣದ ಪ್ರಶ್ನೆ ನಿಜವಾಗಿ ಮುಖ್ಯವಾಗುವುದು ತೋಟದ ನೆಲದ ಮೇಲೆ. ದರಕಿನ ನಡುವೆ ಸುರುಳಿ ಸುತ್ತಿ ಮಲಗಿದ ಕೊಳಕುಮಂಡಲವನ್ನು ಒಣಎಲೆಯಿಂದ ಬೇರ್ಪಡಿಸುವುದು ಕಂದು ಬಣ್ಣದ ಸೂಕ್ಷ್ಮ ಛಾಯೆಗಳೇ. 6,500 ಕೆಲ್ವಿನ್ನಿನ (ಕೆಲ್ವಿನ್ ಇಲ್ಲಿ ಬೆಳಕಿನ ಬಣ್ಣದ ಅಳತೆ) ನೀಲಿಮಿಶ್ರಿತ ಬಿಳಿ ಬೆಳಕಿನಲ್ಲಿ, ಅದರಲ್ಲೂ ಬಣ್ಣನಿಷ್ಠೆಯ ಸೂಚ್ಯಂಕವಾದ ಸಿಆರ್‌ಐ 70ರಷ್ಟೇ ಇದ್ದಾಗ, ಈ ಛಾಯೆಗಳು ಬೂದು ಬೂದಾಗಿ ಒಂದರಲ್ಲೊಂದು ಕರಗುತ್ತವೆ. 4,000ದಿಂದ 5,000 ಕೆಲ್ವಿನ್, ಸಿಆರ್‌ಐ 90 ಅಥವಾ ಅದಕ್ಕಿಂತ ಹೆಚ್ಚಿರುವ ಎಲ್‌ಇಡಿಯಲ್ಲಿ ಲುಮೆನ್ ಸ್ವಲ್ಪ ಕಡಿಮೆಯಾದರೂ ನೆಲ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಸೀಮೆಯವರು ಈ ವಿನಿಮಯವನ್ನು ಎರಡು ಮಾತಿಲ್ಲದೆ ಒಪ್ಪಬೇಕೆಂಬುದು ನನ್ನ ಕಳಕಳಿ. ಟಾರ್ಚನ್ನು ಕೆಳಗೆ ಹಿಡಿಯುವುದು ಇಲ್ಲಿಯೂ ನೆರವಾಗುತ್ತದೆ, ಏಕೆಂದರೆ ಓರೆಯಾಗಿ ಬಿದ್ದ ಬೆಳಕು ನೆಲದ ಮೇಲಿನ ಪ್ರತಿಯೊಂದು ಉಬ್ಬಿಗೂ ನೆರಳು ಕೊಡುತ್ತದೆ.

ಕರಾವಳಿಯವರು ನೀರು ನಿರೋಧಕತೆಯ ಗುರುತನ್ನು ಮೊದಲು ನೋಡಬೇಕು. ಐಪಿಎಕ್ಸ್4 ಎಂದರೆ ಎಲ್ಲ ದಿಕ್ಕಿನಿಂದ ಸಿಡಿಯುವ ನೀರನ್ನು ತಡೆಯುತ್ತದೆ. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆ. ದೋಣಿಯಲ್ಲಿ ಒಯ್ಯುವುದಾದರೆ ಐಪಿಎಕ್ಸ್7ಕ್ಕಿಂತ ಕಡಿಮೆಯದು ಬೇಡ. ಕಾರವಾರದ ದೇವಬಾಗ, ಹೊನ್ನಾವರದ ಕಾಸರಕೋಡ ಟೊಂಕದಂಥ ಕಡಲಾಮೆಗಳು ಮೊಟ್ಟೆಯಿಡುವ ಮರಳ ದಂಡೆಗಳಲ್ಲಿ ರಾತ್ರಿ ಓಡಾಡುವವರಿಗೆ ಕೆಂಪು ಬೆಳಕಿನ ಮಂದ ಹಂತವೂ ಇರಬೇಕು, ಏಕೆಂದರೆ ಮರಿಗಳು ಬಿಳಿ ಬೆಳಕಿಗೆ ಮರುಳಾಗಿ ಕಡಲಿನ ದಾರಿ ತಪ್ಪುತ್ತವೆ. ಈ ನೀರಿನ ಪರೀಕ್ಷೆಗಳು ಸಿಹಿನೀರಿನಲ್ಲಿ ನಡೆಯುವಂಥವು; ಉಪ್ಪು ಏನು ಮಾಡೀತು ಎಂಬುದನ್ನು ಅವು ಹೇಳುವುದಿಲ್ಲ. ಕಡಲ ಕೆಲಸ ಮುಗಿದೊಡನೆ ಟಾರ್ಚನ್ನು ಮುಚ್ಚಿದಂತೆಯೇ ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒರೆಸಿ ಒಣಗಿಸಿದ ಮೇಲೆ ತೆರೆದು, ತಿರುಪಿನ ರಬ್ಬರ್ ಉಂಗುರಕ್ಕೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಬೇಕು. ಚಾರ್ಜಿಂಗ್ ಕಿಂಡಿಯಲ್ಲಿ ತೇವವಿರುವಾಗ ತಂತಿ ಚುಚ್ಚಬಾರದು. ತಿಂಗಳುಗಟ್ಟಲೆ ಬಳಸದಿರುವುದಾದರೆ ಲಿಥಿಯಂ ಸೆಲ್ಲನ್ನು ಅರ್ಧದಷ್ಟು ಚಾರ್ಜಿನಲ್ಲಿ ಟಾರ್ಚಿನಿಂದ ಹೊರತೆಗೆದು, ಬಿಸಿಲು ತಾಗದ ಒಣ ಜಾಗದಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡಬೇಕು.