ಪವರ್ ಬ್ಯಾಂಕ್ ಯಾವ ಬ್ಯಾಗಿಗೆ?

ವಿಮಾನ ಪ್ರಯಾಣಕ್ಕೆ ಬ್ಯಾಗ್ ತುಂಬುವಾಗ ನಾನು ಮೊದಲು ತಿರುಗಿಸಿ ನೋಡುವುದು ಪವರ್ ಬ್ಯಾಂಕಿನ ಬೆನ್ನನ್ನು. ದೊಡ್ಡಕ್ಷರದ 20000 ಎಂಎಎಚ್ ವಿಮಾನದವರಿಗೆ ಮುಖ್ಯವಲ್ಲ, ಅವರು ಕೇಳುವುದು ವ್ಯಾಟ್-ಅವರ್, ಅಂದರೆ ಒಳಗೆ ಹಿಡಿಯುವ ಒಟ್ಟು ಶಕ್ತಿಯ ಅಳತೆ. ಅದನ್ನು ಮುದ್ರಿಸಿರದಿದ್ದರೆ ಎಂಎಎಚ್ ಅನ್ನು ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಸಿಗುತ್ತದೆ. ಲೆಕ್ಕ ತಪ್ಪುವುದು ವೋಲ್ಟಿನ ಹತ್ತಿರ. ಯುಎಸ್‌ಬಿಯ 5 ವೋಲ್ಟ್ ಹಾಕಿದರೆ ಉತ್ತರ 100 ಬಂದು ಸುಮ್ಮನೆ ಗಾಬರಿ. ಒಳಗಿನ ಸೆಲ್ಲಿನ 3.7 ವೋಲ್ಟ್ ಹಾಕಬೇಕು, ಆಗ 74.

100 ವ್ಯಾಟ್-ಅವರ್‌ವರೆಗೆ ಯಾರನ್ನೂ ಕೇಳಬೇಕಿಲ್ಲ. ಅಲ್ಲಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದೂ ಎರಡಕ್ಕಷ್ಟೇ. 160 ದಾಟಿದ್ದನ್ನು ಮನೆಯಲ್ಲೇ ಬಿಟ್ಟುಹೋಗಿ. 26800 ಎಂಎಎಚ್‌ನದು 99.16ಕ್ಕೆ ನಿಂತು ಕೂದಲೆಳೆಯಲ್ಲಿ ಪಾರಾಗುತ್ತದೆ, 30000ದ್ದು 111ಕ್ಕೆ ಹೋಗಿ ಸಿಕ್ಕಿಬೀಳುತ್ತದೆ. ನನ್ನ ಮಟ್ಟಿಗೆ 20000ಕ್ಕಿಂತ ದೊಡ್ಡದನ್ನು ಹೊರುವುದು ತೂಕಕ್ಕೂ ದಂಡ, ತಲೆನೋವಿಗೂ ದಂಡ.

ಇನ್ನೊಂದು ಮಾತು. ಈ ಸಂಖ್ಯೆಗಳು ಜೇಬಿನಲ್ಲಿ ಕೀಲಿಕೈಗೆ ಉಜ್ಜಿ ಆರೇ ತಿಂಗಳಲ್ಲಿ ಮಾಸುತ್ತವೆ. ಓದಲಾಗದ ಪವರ್ ಬ್ಯಾಂಕನ್ನು ಸೆಕ್ಯುರಿಟಿಯಲ್ಲಿ ತೆಗೆದಿಟ್ಟುಕೊಂಡರೆ ನಮ್ಮ ಬಳಿ ವಾದವಿರುವುದಿಲ್ಲ. ಅದಕ್ಕೇ ಕೊಂಡ ದಿನವೇ ಆ ಬರಹದ ಮೇಲೆ ಪಾರದರ್ಶಕ ಟೇಪ್ ಅಂಟಿಸಿಬಿಡುತ್ತೇನೆ.

ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ಎರಡೂ ಕೈಯಲ್ಲಿ ಹಿಡಿಯುವ ಬ್ಯಾಗಿಗೇ, ಚೆಕ್-ಇನ್ ಲಗೇಜಿಗೆ ಸುತರಾಂ ಇಲ್ಲ. ಲಿಥಿಯಂ ಸೆಲ್ ಒಂದು ಕೆಟ್ಟು ಬಿಸಿಯಾದರೆ ಆ ಬಿಸಿಗೇ ಪಕ್ಕದ ಸೆಲ್ ಕೆಡುತ್ತದೆ. ಸರಕಿನ ಅಂಕಣದಲ್ಲಿ ಬೆಂಕಿ ಆರಿಸಲು ಬಿಡುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ಅಡಗಿಸೀತು, ಸೆಲ್ಲನ್ನು ತಣಿಸಲಾರದು. ಮೇಲೆ ಪ್ರಯಾಣಿಕರ ಜಾಗದಲ್ಲಿ ಸಿಬ್ಬಂದಿ ಇರುತ್ತಾರೆ, ನೀರು ಸುರಿಯುತ್ತಾರೆ.

ಇದೆಲ್ಲ ಗೊತ್ತಿದ್ದವರೂ ಮರೆಯುವ ಜಾಗ ಒಂದಿದೆ. ಚಿಕ್ಕ ಊರುಗಳಿಗೆ ಹಾರುವ ಎಟಿಆರ್ ಎಂಬ ಸಣ್ಣ ವಿಮಾನದಲ್ಲಿ ತಲೆಮೇಲಿನ ಬಿನ್ ಚಿಕ್ಕದು. ಟ್ರಾಲಿ ಹಿಡಿಸದಿದ್ದರೆ ವಿಮಾನದ ಬಾಗಿಲಲ್ಲೇ ತೆಗೆದುಕೊಂಡು ಕೆಳಗೆ ಹಾಕುತ್ತಾರೆ. ಹಿಂದೆ ಸಾಲು ನಿಂತಿರುವಾಗ ಬಟ್ಟೆಯಡಿಯ ಪವರ್ ಬ್ಯಾಂಕ್ ಹುಡುಕುವುದು ಕಷ್ಟ. ನನ್ನದು ಒಂದೇ ಜಿಪ್ ಚೀಲ, ಅದರಲ್ಲಿ ಪವರ್ ಬ್ಯಾಂಕ್, ಕ್ಯಾಮೆರಾದ ಬಿಡಿ ಬ್ಯಾಟರಿ, ಕೇಬಲ್. ಅದು ಟ್ರಾಲಿಯ ಹೊರಜೇಬಿನಲ್ಲಿರುತ್ತದೆ. ಎಳೆದರೆ ಬಂತು. ಸೆಕ್ಯುರಿಟಿ ಟ್ರೇಗೂ ಲ್ಯಾಪ್‌ಟಾಪಿನ ಪಕ್ಕ ಅದನ್ನೇ ಇಡುತ್ತೇನೆ. ಬಿಡಿ ಬ್ಯಾಟರಿಯ ಹಿತ್ತಾಳೆ ಬಣ್ಣದ ತುದಿಗಳಿಗೆ ಅದರ ಪ್ಲಾಸ್ಟಿಕ್ ಮುಚ್ಚಳ ಹಾಕಬೇಕು. ಕಳೆದಿದ್ದರೆ ಎಲೆಕ್ಟ್ರಿಕಲ್ ಅಂಗಡಿಯ ಕಪ್ಪು ಟೇಪ್ ಸಾಕು. ಚಿಲ್ಲರೆ ಕಾಸೊಂದು ಎರಡು ತುದಿ ಮುಟ್ಟಿದರೂ ಶಾರ್ಟ್ ಆಗುತ್ತದೆ.

ಲ್ಯಾಪ್‌ಟಾಪನ್ನು ಲಗೇಜಿಗೆ ಹಾಕಲೇಬೇಕಾಗಿ ಬಂದರೆ ಪೂರ್ತಿ ಶಟ್‌ಡೌನ್ ಮಾಡಬೇಕು. ಮುಚ್ಚಳ ಮುಚ್ಚಿದ ಮಾತ್ರಕ್ಕೆ ಅದು ಆಫ್ ಆಗುವುದಿಲ್ಲ, ನಿದ್ದೆ ಹೋಗುತ್ತದೆ ಅಷ್ಟೇ. ಬಟ್ಟೆಗಳ ನಡುವೆ ಎಚ್ಚರಾದರೆ ಬಿಸಿ ಹೋಗಲು ದಾರಿಯಿಲ್ಲ.

2025ರ ಜನವರಿಯಲ್ಲಿ ಕೊರಿಯಾದ ಬುಸಾನ್‌ನಲ್ಲಿ, ಇನ್ನೂ ನೆಲದ ಮೇಲೇ ಇದ್ದ ವಿಮಾನದ ತಲೆಮೇಲಿನ ಬಿನ್‌ನಲ್ಲಿ ಬೆಂಕಿ ಹತ್ತಿದ ಮೇಲೆ ನಿಯಮಗಳು ಬಿಗಿಯಾಗುತ್ತಿವೆ. ಸಿಂಗಾಪುರ್ ಏರ್‌ಲೈನ್ಸ್ 2025ರ ಏಪ್ರಿಲ್ 1ರಿಂದ, ಎಮಿರೇಟ್ಸ್ ಅದೇ ವರ್ಷದ ಅಕ್ಟೋಬರ್ 1ರಿಂದ ವಿಮಾನದಲ್ಲಿ ಪವರ್ ಬ್ಯಾಂಕ್ ಬಳಸುವುದನ್ನೇ ನಿಲ್ಲಿಸಿವೆ. ಎಮಿರೇಟ್ಸ್‌ನಲ್ಲಿ ತಲೆಗೊಂದೇ, ಅದೂ ಬಿನ್‌ಗೆ ಹಾಕುವಂತಿಲ್ಲ. ದುಬೈ ದಾರಿಯಾಗಿ ಹೋಗುವವರು ಹತ್ತುವ ಮುಂಚೆಯೇ ಫೋನ್ ತುಂಬಿಸಿಕೊಳ್ಳಬೇಕು. ಯಾವ ವಿಮಾನವಾದರೂ ನಾನು ಪವರ್ ಬ್ಯಾಂಕನ್ನು ಮುಂದಿನ ಸೀಟಿನ ಜೇಬಿಗೇ ಹಾಕುವುದು. ಬಿಸಿಯಾದರೆ ಕೈಗೆ ಗೊತ್ತಾಗಬೇಕು.

ಹಾಗಾದರೆ ಸೀಟಿನ ಪ್ಲಗ್? ಯುಎಸ್‌ಬಿ ಕಿಂಡಿಯಿಂದ ಫೋನ್ ಆಮೆಗತಿಯಲ್ಲಿ ತುಂಬುತ್ತದೆ. ಪರದೆ ಆರಿಸಿ, ಫ್ಲೈಟ್ ಮೋಡ್ ಹಾಕಿಟ್ಟರೆ ಕೊಂಚ ಬೇಗ. ಫ್ಲೈಟ್ ಮೋಡ್ ಹಾಕದ ಫೋನ್ ಸಿಗದ ಟವರನ್ನು ಹುಡುಕಿ ಹುಡುಕಿ ಬ್ಯಾಟರಿ ತಿನ್ನುತ್ತದೆ. ಆಮೇಲೆ ಬ್ಲೂಟೂತ್ ಮಾತ್ರ ಮತ್ತೆ ಆನ್ ಮಾಡಿದರೆ ಇಯರ್‌ಬಡ್ ನಡೆಯುತ್ತದೆ. ದೊಡ್ಡ ಪ್ಲಗ್ಗಿಗೆ ಶಕ್ತಿಯ ಮಿತಿ ಇರುತ್ತದೆ. ಗೇಮಿಂಗ್ ಲ್ಯಾಪ್‌ಟಾಪಿನ ಅಡಾಪ್ಟರ್ ಚುಚ್ಚಿದರೆ ಹಸಿರು ದೀಪ ಆರಿಹೋಗುತ್ತದೆ. ಪ್ಲಗ್ ಕೆಟ್ಟಿತೆಂದುಕೊಳ್ಳಬೇಡಿ. ತೆಗೆದು, ಒಂದೆರಡು ನಿಮಿಷ ಬಿಟ್ಟು, ಲ್ಯಾಪ್‌ಟಾಪ್ ಆಫ್ ಮಾಡಿಕೊಂಡೇ ಮತ್ತೆ ಚುಚ್ಚಿ. 65 ವ್ಯಾಟ್ ಅಥವಾ ಅದಕ್ಕಿಂತ ಚಿಕ್ಕ ಚಾರ್ಜರ್ ಒಯ್ದರೆ ಈ ರಗಳೆ ಕಡಿಮೆ.

ಫೋನ್ ಸೀಟಿನ ಸಂದಿಗೆ ಜಾರಿದರೆ ಸೀಟನ್ನು ಹಿಂದೆಮುಂದೆ ಮಾಡಬೇಡಿ. ಒಳಗಿನ ಲೋಹದ ಚೌಕಟ್ಟು ಫೋನನ್ನು ಹಪ್ಪಳದಂತೆ ಅದುಮುತ್ತದೆ, ಸೆಲ್ ಸೀಳಿದರೆ ಹೊಗೆ. ಎದ್ದು ನಿಂತು ಗುಂಡಿ ಒತ್ತಿ ಸಿಬ್ಬಂದಿಯನ್ನು ಕರೆಯಿರಿ.