ಒಂದೇ ಮನವಿ, ಆರು ತಿಂಗಳು, ಆಮೇಲೆ ನೇರ ನ್ಯಾಯಮಂಡಳಿ: ಬಡ್ತಿ ಪ್ರಕರಣದಲ್ಲಿ ನಾನು ಗಡುವು ಕಾಯ್ದುಕೊಂಡ ಬಗೆ

ಆದೇಶ ನನ್ನ ಪರವಾಗಿ ಬಂದಿದೆ. ‘ಅರ್ಜಿ ಕಾಲಮಿತಿ ಮೀರಿದೆ’ ಎಂಬ ಸರ್ಕಾರದ ತಕರಾರನ್ನು, ಸರ್ಕಾರಿ ನೌಕರರ ಸೇವಾ ವ್ಯಾಜ್ಯಗಳನ್ನು ಕೇಳುವ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ ಒಂದೇ ಪ್ಯಾರಾದಲ್ಲಿ ತಳ್ಳಿಹಾಕಿದೆ. ನನ್ನ ಲೆಕ್ಕಾಚಾರ ನಡೆಯುವುದಿಲ್ಲ ಎಂದವರು ಉಡುಪಿಯಲ್ಲೂ ಮಂಗಳೂರಿನಲ್ಲೂ ಬಹಳ ಮಂದಿ ಇದ್ದರು. ಅವರಲ್ಲಿ ಕೆಲವರು ಈಗ ಅದೇ ಲೆಕ್ಕ ಬರೆಸಿಕೊಳ್ಳಲು ಮನೆಗೆ ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪ್ರಥಮ ದರ್ಜೆ ಸಹಾಯಕಿ. ಸೇವೆಯಲ್ಲಿರುವಾಗಲೇ ಅಪಘಾತವಾಗಿ ಎಡಗಾಲು ಊನವಾಯಿತು. 2022ರ ನವೆಂಬರಿನಲ್ಲಿ ಜ್ಯೇಷ್ಠತಾ ಪಟ್ಟಿಯಲ್ಲಿ ನನಗಿಂತ ಕೆಳಗಿದ್ದವರಿಗೆ ಅಧೀಕ್ಷಕ ಹುದ್ದೆಗೆ ಬಡ್ತಿ ಕೊಟ್ಟರು. ನನ್ನ ಹೆಸರಿನ ಮುಂದೆ ‘ತಿರುಗಾಟದ ಕೆಲಸಕ್ಕೆ ಅನುಕೂಲವಾಗದು’ ಎಂಬ ಷರಾ. ಅಂಗವಿಕಲತೆಯೊಂದನ್ನೇ ಕಾರಣವಾಗಿಟ್ಟು ಬಡ್ತಿ ನಿರಾಕರಿಸಬಾರದೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಕಲಂ ನೇರವಾಗಿಯೇ ಹೇಳುತ್ತದೆ. ಹೀಗಾಗಿ ಪ್ರಕರಣದ ಹುರುಳಿನ ಬಗ್ಗೆ ನನಗೆ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ದಿನಾಂಕದ ಬಗ್ಗೆ.

ಏಕೆಂದರೆ ಬೇರೆ ಇಲಾಖೆಯ ನನ್ನ ಗೆಳತಿಯೊಬ್ಬಳು ದಿನಾಂಕದಲ್ಲೇ ಸೋತಿದ್ದಳು. ಸುಮಾರು ನಾಲ್ಕು ವರ್ಷ ಮನವಿಯ ಮೇಲೆ ಮನವಿ, ಜ್ಞಾಪನದ ಮೇಲೆ ಜ್ಞಾಪನ. ಕೊನೆಗೆ ‘ಈಗಾಗಲೇ ಪರಿಶೀಲಿಸಲಾಗಿದೆ’ ಎಂಬ ಎರಡು ಸಾಲಿನ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬಂತು. ಆ ಹಿಂಬರಹದ ದಿನಾಂಕದಿಂದ ವರ್ಷ ಎಣಿಸಿ ಹೋದಳು. ಅರ್ಜಿ ನಿಲ್ಲಲಿಲ್ಲ. ಕಾನೂನು ಹೇಳದ ಮನವಿಗಳನ್ನು ಎಷ್ಟು ಸಲ ಕೊಟ್ಟರೂ ಕಾಲಮಿತಿ ಹಿಗ್ಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಎಸ್. ಎಸ್. ರಾಥೋರ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ವಕೀಲರ ಶುಲ್ಕ, ಓಡಾಟ ಎಲ್ಲ ಸೇರಿ ಅವಳ ಕೈಯಿಂದ ಎಂಬತ್ತು ಸಾವಿರದಷ್ಟು ಹೋಯಿತು. ವಿಳಂಬ ಮನ್ನಾ ಅರ್ಜಿಯನ್ನೂ ಹಾಕಿದ್ದಳು, ಆದರೆ ‘ಉತ್ತರಕ್ಕೆ ಕಾಯುತ್ತಿದ್ದೆ’ ಎಂಬುದು ಸಾಕಷ್ಟು ಕಾರಣವೆನಿಸಲಿಲ್ಲ. ಆ ಅನ್ಯಾಯ ನನಗೆ ಇಂದಿಗೂ ಉರಿಯುತ್ತದೆ. ಅವಳ ಕಡತದಲ್ಲಿ ನ್ಯಾಯ ಪೂರ್ತಿ ಅವಳ ಕಡೆಗಿತ್ತು.

1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ 20 ಮತ್ತು 21ನೇ ಕಲಂ ಹೇಳುವುದು ಇಷ್ಟು: ಮನವಿಗೆ ಉತ್ತರ ಬಾರದಿದ್ದರೆ ಆರು ತಿಂಗಳು ಕಾಯಬೇಕು, ಅದು ಮುಗಿದ ಮೇಲೆ ಒಂದು ವರ್ಷ. ‘ಅಂದರೆ ಹದಿನೆಂಟು ತಿಂಗಳಿದೆ, ಅವಸರವೇಕೆ ಅಮ್ಮ?’ ಎಂದರು ಮಂಗಳೂರಿನ ವಕೀಲರೊಬ್ಬರು. ನೌಕರರ ಸಂಘದ ಹಿರಿಯರದು ಇನ್ನೊಂದು ರಾಗ: ‘ಮೇಡಂ, ಸಾಹೇಬರನ್ನು ಎದುರು ಹಾಕಿಕೊಳ್ಳಬೇಡಿ, ಇನ್ನೊಂದು ಮನವಿ ಕೊಟ್ಟು ನೋಡಿ.’

ನನ್ನ ಲೆಕ್ಕ ಬೇರೆ. ಬಡ್ತಿ ಆದೇಶದ ದಿನದಿಂದ ಒಂದು ವರ್ಷ ಎಂಬುದು ಒಂದು ಎಣಿಕೆ. ಮನವಿ ಕೊಟ್ಟ ದಿನದಿಂದ ಹದಿನೆಂಟು ತಿಂಗಳು ಇನ್ನೊಂದು. ಎದುರಿನವರು ಯಾವುದನ್ನು ಹಿಡಿದು ವಾದಿಸುತ್ತಾರೋ ಹೇಳಲಾಗದು. ಆದ್ದರಿಂದ ಎರಡರಲ್ಲೂ ಒಳಗೇ ಇರಬೇಕು. ಆದೇಶ ಬಂದ ತಿಂಗಳೊಳಗೆ ಒಂದೇ ಒಂದು ಮನವಿ, ಎಲ್ಲ ಅಂಶಗಳನ್ನೂ ಸೇರಿಸಿ. ಆಮೇಲೆ ಆರು ತಿಂಗಳು ಬಾಯಿ ಮುಚ್ಚಿ ಕಾಯುವುದು. ಅಲ್ಲಿಂದ ಮೂಲ ಆದೇಶದ ವರ್ಷ ತುಂಬುವುದಕ್ಕೆ ಐದು ತಿಂಗಳಷ್ಟು ಉಳಿಯುತ್ತದೆ. ಅರ್ಜಿ ಹಾಕಬೇಕಾದದ್ದು ಆ ಐದು ತಿಂಗಳಲ್ಲಿ.

ಡಿಸೆಂಬರಿನಲ್ಲಿ ಮನವಿ ಕೊಟ್ಟೆ. ಟಪಾಲು ವಿಭಾಗದಲ್ಲಿ ನನ್ನ ಪ್ರತಿಯ ಮೇಲೆ ಮೊಹರು, ಸ್ವೀಕೃತಿ ಸಂಖ್ಯೆ, ಸಹಿ ಮೂರೂ ಬೀಳುವ ತನಕ ಕೌಂಟರ್ ಬಿಟ್ಟು ಕದಲಲಿಲ್ಲ. ಅದೇ ಮನವಿಯನ್ನು ಸ್ಪೀಡ್ ಪೋಸ್ಟಿನಲ್ಲೂ ಕಳುಹಿಸಿದೆ. ಇಲ್ಲಿ ಕರಾವಳಿಯವರಿಗೆ ಒಂದು ಮಾತು: ಅಂಚೆ ರಶೀದಿಯ ಅಕ್ಷರ ಶಾಖದಿಂದ ಮೂಡಿದ್ದು, ಶಾಯಿಯಲ್ಲ. ನಾನು ಪರೀಕ್ಷೆಗೆಂದು ಹಳೆಯ ರಶೀದಿಗಳನ್ನು ಒಂದಷ್ಟು ಪ್ಲಾಸ್ಟಿಕ್ ಹಾಳೆಯೊಳಗೆ, ಒಂದಷ್ಟು ಬರಿಯ ಕಾಗದದ ಕವರಿನಲ್ಲಿ, ಒಂದನ್ನು ಅಂಟುಪಟ್ಟಿ ಹಚ್ಚಿ ಮಳೆಗಾಲ ಪೂರ್ತಿ ಇಟ್ಟು ನೋಡಿದೆ. ಅಂಟುಪಟ್ಟಿ ಹಚ್ಚಿದ್ದು ಆಗಸ್ಟಿಗೆ ಮೊದಲೇ ಬಿಳಿಯಾಗಿತ್ತು, ದಿನಾಂಕದ ಜಾಗದಲ್ಲಿ ಬೂದು ಕಲೆಯಷ್ಟೇ. ಕಾಗದದ ಕವರಿನದು ತಕ್ಕಮಟ್ಟಿಗೆ ಉಳಿಯಿತು. ರಶೀದಿ ಕೈಗೆ ಬಂದ ದಿನವೇ ಜೆರಾಕ್ಸ್ ಮಾಡಿಸಿ. ಎರಡು ರೂಪಾಯಿಯ ಕೆಲಸ.

ನಡುವೆ ವಿಕಲಚೇತನರ ಕಾಯ್ದೆಯ 23ನೇ ಕಲಂ ಪ್ರಕಾರ ಕುಂದುಕೊರತೆ ಅಧಿಕಾರಿಗೂ ದೂರು ಕೊಟ್ಟೆ. ನೋಂದಾಯಿಸಿದ ಎರಡು ವಾರದೊಳಗೆ ವಿಚಾರಣೆ ಆಗಬೇಕು. ನಮ್ಮಲ್ಲಿ ದೂರಿನ ವಹಿಯೇ ಇರಲಿಲ್ಲ. ನನ್ನ ದೂರು ಬಂದ ಮೇಲೆ ವಹಿ ತೆರೆದರು, ಮೊದಲ ನಮೂದು ನನ್ನದೇ. ಪರಿಹಾರ ಏನೂ ಸಿಗಲಿಲ್ಲ. ಆದರೆ ತಾರತಮ್ಯವೆಂದು ಮೊದಲಿನಿಂದಲೂ ಹೇಳುತ್ತಿದ್ದೆ ಎಂಬುದಕ್ಕೆ ಆ ನಮೂದು ನ್ಯಾಯಮಂಡಳಿಯಲ್ಲಿ ಸಾಕ್ಷಿಯಾಯಿತು. ಈ ದೂರನ್ನು ನಂಬಿ ಕಾಲಮಿತಿ ನಿಂತಿದೆ ಎಂದುಕೊಳ್ಳುವುದು ಮಾತ್ರ ಅಪಾಯ. ಲೈಂಗಿಕ ಕಿರುಕುಳದ ಪ್ರಕರಣವಾದರೆ ದಾರಿಯೇ ಬೇರೆ: ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ದೂರು, ಶಿಫಾರಸಿನ ಮೇಲೆ ತೊಂಬತ್ತು ದಿನದೊಳಗೆ ಮೇಲ್ಮನವಿ.

ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಬಡ್ತಿ ಸಮಿತಿಯ ನಡವಳಿ ಪಡೆದೆ. ಕಚೇರಿಯಿಂದ ಹೊರಹೋಗುವ ಪತ್ರಗಳನ್ನು ದಾಖಲಿಸುವ ಜಾವಕ ವಹಿಯ ಪುಟವೂ ಸಿಕ್ಕಿತು. ಅದನ್ನು ಯಾವ ಮಾತಿನಲ್ಲಿ ಕೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ಅದಕ್ಕೊಂದು ನಿರಾಕರಣೆ ಸಿದ್ಧವಾಗುತ್ತದೆ. ನನಗೆ ಆದೇಶ ತಲುಪಿದ ದಿನ ಯಾವುದೆಂಬ ತಕರಾರು ಆ ಒಂದು ಪುಟದಿಂದ ಮುಗಿಯಿತು.

ಆರು ತಿಂಗಳು ಜೂನಿನಲ್ಲಿ ತುಂಬಿತು. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ಬಸ್ಸು ಎಲ್ಲಿ ಸುತ್ತಿ ಯಾವಾಗ ತಲುಪುತ್ತದೋ ಗೊತ್ತಿಲ್ಲ. ಕೊನೆಯ ದಿನವನ್ನು ಘಾಟಿಯ ಕೈಗೆ ಕೊಡಬಾರದು. ಜುಲೈ, ಆಗಸ್ಟಿನಲ್ಲಿ ಅರ್ಜಿ ಬರೆದು ತಿದ್ದಿ, ಸೆಪ್ಟೆಂಬರಿನಲ್ಲಿ ಪಂಚಗಂಗಾ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಸಲ್ಲಿಸಿದೆ. ಅರ್ಜಿಯನ್ನು ನಾನೇ ಬರೆದದ್ದು. ಪೂರ್ತಿ ಪ್ರಕರಣಕ್ಕೆ ವಕೀಲರು ಐವತ್ತು ಸಾವಿರದ ಹತ್ತಿರ ಕೇಳಿದ್ದರು. ವಾದಕ್ಕಷ್ಟೇ ಎಂದು ಮಾತಾಡಿಕೊಂಡು ಇಪ್ಪತ್ತರೊಳಗೆ ಮುಗಿಸಿದೆ. ಜೆರಾಕ್ಸ್, ನೋಟರಿ, ಪ್ರಯಾಣ, ಊಟ ಸೇರಿ ಇನ್ನೊಂದು ಹದಿನೈದು ಸಾವಿರ ಆಗಿರಬಹುದು.

ಸರ್ಕಾರದ ಆಕ್ಷೇಪಣೆಯಲ್ಲಿ ನಾನು ಊಹಿಸದ ಒಂದು ಎಣಿಕೆ ಇತ್ತು: ಜ್ಯೇಷ್ಠತಾ ಪಟ್ಟಿ ಪ್ರಕಟವಾದದ್ದು ಅದಕ್ಕೂ ಮೊದಲು, ಆಗಲೇ ಪ್ರಶ್ನಿಸಬೇಕಿತ್ತಂತೆ. ಪಟ್ಟಿಯಲ್ಲಿ ನನ್ನ ಸ್ಥಾನ ಸರಿಯಾಗಿಯೇ ಇದೆ, ಆ ಸ್ಥಾನಕ್ಕೆ ಸಲ್ಲಬೇಕಾದ ಬಡ್ತಿ ಸಿಗದಿರುವುದೇ ನನ್ನ ದೂರು ಎಂದು ಪ್ರತ್ಯುತ್ತರದಲ್ಲಿ ಬರೆದೆ. ಮಂಡಳಿ ಅದನ್ನು ಒಪ್ಪಿತು. ಹಳೆಯ ದಿನಾಂಕದಿಂದಲೇ ಬಡ್ತಿಗೆ ಪರಿಗಣಿಸುವಂತೆ ಇಲಾಖೆಗೆ ನಿರ್ದೇಶನ ಕೊಟ್ಟಿತು.

ಹುದ್ದೆ ಸಿಕ್ಕಿದೆ, ವ್ಯತ್ಯಾಸದ ವೇತನ ಇನ್ನೂ ಬಂದಿಲ್ಲ. ಆದೇಶ ಪಾಲಿಸದಿದ್ದರೆ ಹೂಡುವ ನ್ಯಾಯಾಂಗ ನಿಂದನಾ ಅರ್ಜಿಗೂ ಒಂದು ವರ್ಷದ ಮಿತಿಯಿದೆ. ಅದರ ಕರಡು ಸಿದ್ಧವಾಗಿದೆ. ಇಲಾಖೆಯ ಲೆಕ್ಕ ವಿಭಾಗಕ್ಕೆ ಅದು ಗೊತ್ತಿದೆ.